ಹುಲ್ಲು ಯಾರ ಬಾಯಿಗೆ? ಶಿಕಾರಿ ಅಡವಿಯ ಬೇಲಿಯ ಕಥೆ

ಬೇಸಿಗೆ ಬಂದರೆ ನಮ್ಮ ಕಡೆ ಅಡವಿಯೊಳಗೆ ಸಿಮೆಂಟಿನ ತೊಟ್ಟಿಗೆ ಟ್ಯಾಂಕರ್ ನೀರು ಬಿಡುತ್ತಾರೆ. ಚಿಗರಿ, ನರಿ, ಮೊಲ, ನವಿಲು ಕುಡಿಯಲಿ ಅಂತ. ಆದರೆ ಚಿಗರಿ ನಾಚಿಕೆಯ ಪ್ರಾಣಿ, ಮನುಷ್ಯರ ಸದ್ದು ಕೇಳಿದರೆ ದೂರ ನಿಲ್ಲುತ್ತದೆ. ಕುರಿಗೆ ಆ ನಾಚಿಕೆ ಇಲ್ಲ, ಹಿಂದೆ ಕುರಿಗಾರ ಇರುತ್ತಾನೆ. ಒಂದು ಹಿಂಡು ಬಂದು ಹೋದರೆ ತೊಟ್ಟಿ ಖಾಲಿ. ಆಗ ಒಬ್ಬರು ಹೇಳುತ್ತಾರೆ: ‘ಸುತ್ತ ಬೇಲಿ ಹಾಕ್ರಿ.’ ಇನ್ನೊಬ್ಬರು ಕೇಳುತ್ತಾರೆ: ‘ನಮ್ಮ ಕುರಿಗೆ ನೀರಡಿಕೆ ಆಗೂದಿಲ್ಲೇನ್ರಿ?’

ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಈ ಜಗಳ ಇವತ್ತಿನದಲ್ಲ. ರಾಜರು ಶಿಕಾರಿ ಆಡುತ್ತಿದ್ದ ಕಾಲದಿಂದ ನಡೆದುಬಂದದ್ದು. ಕಾಡುಪ್ರಾಣಿಗೆ ಅಂತ ಇಟ್ಟ ಹುಲ್ಲು, ನೀರು, ಉಪ್ಪಿಗೆ ದನಕರ ಬಾಯಿ ಹಾಕದ ಹಾಗೆ ಮಾಡುವುದು ಹೇಗೆ? ಹಾಗೆ ಮಾಡಿದರೆ ದನ ಸಾಕಿದವನ ಗತಿ ಏನು? ವಿಜಯಪುರ, ತಿಕೋಟಾ, ಬಬಲೇಶ್ವರದ ನಮಗೆ ಈ ಇತಿಹಾಸ ಗೊತ್ತಿದ್ದರೆ ಒಳ್ಳೆಯದು. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಟೆಕ್ಸಾಸ್‌ನ ಸುಲಭ ಉಪಾಯ

ಮೊದಲು ದೂರದ ಒಂದು ಮಾತು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಬಹುಪಾಲು ಜಮೀನು ಖಾಸಗಿಯವರದು. ಅಲ್ಲಿ ಜಿಂಕೆ ಶಿಕಾರಿ ಕಾನೂನುಬದ್ಧ, ಲೈಸೆನ್ಸ್ ಬೇಕು. ಜಮೀನಿನವರು ಶಿಕಾರಿಯವರಿಗೆ ಸೀಸನ್ನಿಗೆ ಇಷ್ಟು ಅಂತ ಜಾಗ ಬಾಡಿಗೆ ಕೊಡುತ್ತಾರೆ. ಜಿಂಕೆ ಬರಲಿ ಅಂತ ಗೋವಿನಜೋಳ ಉದುರಿಸುವ ಡಬ್ಬಿ ನಿಲ್ಲಿಸುತ್ತಾರೆ. ಅದೇ ಜಮೀನಿನಲ್ಲಿ ದನವೂ ಮೇಯುತ್ತವೆ. ದನ ಬಂದು ಜೋಳ ತಿಂದು, ಡಬ್ಬಿಗೆ ಮೈ ತಿಕ್ಕಿ ಕೆಡವಿ ಹಾಕುತ್ತವೆ.

ಅದಕ್ಕೆ ಅವರು ಡಬ್ಬಿಯ ಸುತ್ತ ಸುಮಾರು ಎದೆಮಟ್ಟದ ಕಬ್ಬಿಣದ ಜಾಳಿಗೆ ಕಟ್ಟುತ್ತಾರೆ. ಜಿಂಕೆ ಹಾರಿ ಒಳಗೆ ಹೋಗುತ್ತದೆ, ದನ ಹಾರಲಾರದು, ಕಾಡಹಂದಿ ನುಸುಳಲಾರದು. ಸಮಸ್ಯೆ ಮುಗಿಯಿತು. ಅಲ್ಲಿ ದನವೂ ಅವನದೇ, ಜಮೀನೂ ಅವನದೇ, ಶಿಕಾರಿಯ ರೊಕ್ಕವೂ ಅವನಿಗೇ. ಯಾರನ್ನೂ ಕೇಳುವ ಕೆಲಸ ಇಲ್ಲ.

ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಅಡವಿ ಒಬ್ಬರದು, ದನ ಇನ್ನೊಬ್ಬರದು, ಶಿಕಾರಿ ಮೂರನೆಯವರದು ಆಗಿತ್ತು. ಆದ್ದರಿಂದ ಬೇಲಿ ಅಂದರೆ ಬರೀ ತಂತಿಯಲ್ಲ, ಅಧಿಕಾರವೂ ಆಗಿತ್ತು.

ಬಾದಶಹರು ಮತ್ತು ಸಂಸ್ಥಾನಿಕರು

ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆ ನೋಡದವರು ಈ ಭಾಗದಲ್ಲಿ ಕಡಿಮೆ. ಗೋಳಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್‌ಶಾಹನ ಕಾಲದ ಕೆರೆ ಅದು. ಅವನು ಆಳಿದ್ದು 1627ರಿಂದ 1656ರವರೆಗೆ. ಊರಿಗೆ ಹೆಸರು ಬಂದದ್ದೂ ಅವನಿಂದಲೇ. ವಿಜಯಪುರದ ಆಚೆ ಕಡೆ ಕುಮಟಗಿಯಲ್ಲಿ ನೀರಿನ ನಡುವೆ ಕಟ್ಟಿದ ಬೇಸಿಗೆ ಮಹಲು ಇದೆ. ಅದರ ಗೋಡೆ ಮೇಲೆ ಕುದುರೆ ಏರಿ ಚೆಂಡಾಟ ಆಡುವವರ, ಕುಸ್ತಿ ಹಿಡಿಯುವವರ ಚಿತ್ರಗಳಿದ್ದವು. ಈಗ ಬಹಳಷ್ಟು ಅಳಿಸಿಹೋಗಿವೆ. ದರಬಾರಿನವರಿಗೆ ಕುದುರೆ, ಬಯಲು, ನೀರು, ಶಿಕಾರಿ ಎಲ್ಲ ಒಂದೇ ಜೀವನದ ಭಾಗಗಳು.

ಕುದುರೆ ದಂಡು ಇಟ್ಟುಕೊಂಡವರಿಗೆ ಹುಲ್ಲು ಅಂದರೆ ಇವತ್ತಿನ ಡೀಸೆಲ್ ಇದ್ದಂತೆ. ಆದ್ದರಿಂದ ದಖ್ಖನಿನ ಆಳುವವರು ಒಳ್ಳೆಯ ಹುಲ್ಲುಗಾವಲು ಬೇರೆ ಮಾಡಿ ಕಾಯುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ‘ಕುರಣ’ ಅನ್ನುತ್ತಾರೆ. ತಂತಿ ಇಲ್ಲದ ಕಾಲದಲ್ಲಿ ಬೇಲಿ ಅಂದರೆ ಜಾಲಿ ಮುಳ್ಳು, ಕತ್ತಾಳೆ, ಇಲ್ಲವಾದರೆ ಕೋಲು ಹಿಡಿದ ಕಾವಲುಗಾರ. ಕಾದ ಹುಲ್ಲಿದ್ದಲ್ಲಿ ಚಿಗರಿ ತಾನಾಗೇ ಬಂದು ಸೇರುತ್ತದೆ.

ಚಿಗರಿ ಬಯಲಿನ ಪ್ರಾಣಿ. ದಟ್ಟ ಅಡವಿ ಅದಕ್ಕೆ ಬೇಡ. ಕೊಲ್ಹಾಪುರದ ಮಹಾರಾಜರು ಸಾಕಿದ ಚಿರತೆಯಿಂದ, ಅಂದರೆ ಚೀತಾದಿಂದ, ಚಿಗರಿ ಬೇಟೆ ಆಡಿಸುವುದಕ್ಕೆ ದೇಶದಲ್ಲೇ ಹೆಸರಾಗಿದ್ದರು. ನಮ್ಮ ದೇಶದ ಚೀತಾ ಸಿಗುವುದು ಕಷ್ಟವಾದಾಗ ಆಫ್ರಿಕಾದಿಂದ ತರಿಸಿಕೊಂಡರು. ಇತ್ತ ಮುಧೋಳದ ಘೋರ್ಪಡೆ ಮನೆತನದ ರಾಜರು ಬೇಟೆ ನಾಯಿಯ ತಳಿ ಬೆಳೆಸಿದರು. ಆ ನಾಯಿಮರಿಗಳನ್ನು ಇಂಗ್ಲೆಂಡಿನ ರಾಜ 5ನೇ ಜಾರ್ಜ್‌ಗೆ ಕಾಣಿಕೆ ಕೊಟ್ಟ ಮಾತು ಇವತ್ತಿಗೂ ಮುಧೋಳದಲ್ಲಿ ಹೆಮ್ಮೆಯದು.

ಶಿಕಾರಿ ಆಡುವ ರಾಜನಿಗೆ ಪ್ರಾಣಿ ಉಳಿಯಬೇಕು. ಪ್ರಾಣಿ ಉಳಿಯಬೇಕಾದರೆ ಹುಲ್ಲು ಉಳಿಯಬೇಕು. ಹುಲ್ಲು ಉಳಿಯಬೇಕಾದರೆ ರೈತನ ದನ ಹೊರಗಿರಬೇಕು. ಇಷ್ಟೇ ಲೆಕ್ಕ. ರಾಜರು ಕಾಡುಪ್ರಾಣಿ ಉಳಿಸಿದ್ದು ಖರೆ, ಅವನ್ನು ತಮ್ಮ ಬಂದೂಕಿಗೆ ಉಳಿಸಿಕೊಂಡದ್ದೂ ಖರೆ. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಕೊಂಡವಾಡದ ಕಾಯ್ದೆ

ಇಂಗ್ಲಿಷರು ಬಂದ ಮೇಲೆ ಬೇಲಿಗೆ ಕಾಗದದ ಬಲ ಬಂತು. 1871ರಲ್ಲಿ ದನ ಅತಿಕ್ರಮ ಪ್ರವೇಶ ಕಾಯ್ದೆ ಬಂತು. ಬೇರೆಯವರ ಬೆಳೆಗೆ ನುಗ್ಗಿದ ದನವನ್ನು ಹಿಡಿದು ಕೊಂಡವಾಡಕ್ಕೆ ಹಾಕಬಹುದು, ಮಾಲೀಕ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ನಮ್ಮ ಊರುಗಳಲ್ಲಿ ಕೊಂಡವಾಡದ ಗೋಡೆ ನೋಡಿದವರು ಇನ್ನೂ ಇದ್ದಾರೆ. 1878ರಲ್ಲಿ ಅರಣ್ಯ ಕಾಯ್ದೆ ಬಂತು. ಅಡವಿಯನ್ನು ‘ರಿಸರ್ವ್’ ಅಂತ ಗೆರೆ ಎಳೆದರು. ಕಾಯ್ದಿಟ್ಟ ಅಡವಿಗೆ ದನ ಹೊಕ್ಕರೆ ಅದೂ ತಪ್ಪಾಯಿತು.

ಆ ವರ್ಷಗಳನ್ನು ಗಮನಿಸಿ. 1876ರಿಂದ 1878ರವರೆಗೆ ದಖ್ಖನಿನಲ್ಲಿ ಭೀಕರ ಬರ. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಅಂತ ಹೆಸರು. 1872 ಮತ್ತು 1881ರ ಜನಗಣತಿ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಜನರೇ ಹಾಗೆ ಹೋದರೆ ದನಕರದ ಪಾಡು ಕೇಳಬೇಕೇ? ಅಂಥ ಹೊತ್ತಿನಲ್ಲೇ ಅಡವಿಯ ಬಾಗಿಲು ಹಾಕುವ ಕಾಯ್ದೆ ಬಂದದ್ದು. ಪುಣೆಯ ಮಹಾತ್ಮ ಜೋತಿಬಾ ಫುಲೆ ಅವರು ರೈತರ ಕಷ್ಟ ಬರೆದಾಗ ಅರಣ್ಯ ಖಾತೆಯ ಈ ಕಾಟವನ್ನೂ ಬರೆದರು. ನಮ್ಮ ಹಿರಿಯರು ಅರಣ್ಯ ಗಾರ್ಡ್ ಅಂದರೆ ಯಾಕೆ ಹೆದರುತ್ತಿದ್ದರು ಅನ್ನುವುದರ ಬೇರು ಇಲ್ಲಿದೆ.

ಮೈಸೂರಿನ ಕಾವಲು ಮತ್ತು ಬಂಡೀಪುರ

ದಕ್ಷಿಣದ ಮೈಸೂರು ಸೀಮೆಯಲ್ಲಿ ಇದೇ ಕಥೆಗೆ ಬೇರೆ ರೂಪ. ಅಲ್ಲಿ ಒಡೆಯರ ಕಾಲದಿಂದ ಅರಮನೆಯ ದನಗಳಿಗೆ ಅಂತ ಹುಲ್ಲುಗಾವಲು ಬೇರೆ ಇಟ್ಟಿದ್ದರು. ಟಿಪ್ಪು ಸುಲ್ತಾನ್ ಆ ಖಾತೆಗೆ ‘ಅಮೃತಮಹಲ್’ ಅಂತ ಹೆಸರಿಟ್ಟ. ತೋಪು ಎಳೆಯುವ ಎತ್ತು ಅಲ್ಲಿಂದ ಬರುತ್ತಿದ್ದವು. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಕೆರೆ ಅಂಗಳದ ಹತ್ತಿರ ಇನ್ನೊಂದು. ಹಿಂಡು ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಹುಲ್ಲಿಗೆ ಚಿಗುರಲು ಬಿಡುವು ಸಿಗುತ್ತಿತ್ತು.

ಇಲ್ಲಿ ಒಂದು ತಮಾಷೆ ಇದೆ. ದನಕ್ಕೆ ಅಂತ ಕಾದ ಆ ಕಾವಲುಗಳೇ ಕೊನೆಗೆ ಚಿಗರಿಗೆ ಆಸರೆ ಆದವು. ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದು ಚಿಗರಿ ಇದ್ದದ್ದಕ್ಕೆ. ದನ ಮತ್ತು ಚಿಗರಿ ಹುಟ್ಟು ವೈರಿಗಳಲ್ಲ. ಮೇಯುವುದಕ್ಕೆ ಲೆಕ್ಕ ಇದ್ದರೆ ಇಬ್ಬರಿಗೂ ಸಾಕಾಗುತ್ತದೆ.

ಶಿಕಾರಿ ಅಡವಿಯ ಕಥೆ ಬೇರೆ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಪ್ರಾಣಿ ಮತ್ತು ಮೀನು ರಕ್ಷಣೆಗೆ ಕಾಯ್ದೆ ಮಾಡಿತು. 1931ರಲ್ಲಿ ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಅಭಯಾರಣ್ಯ ಆಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂದರು. ಬೆಟ್ಟದ ಮೇಲಿನ ಗೋಪಾಲಸ್ವಾಮಿಯ ಹೆಸರು ಅದು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಬಂಡೀಪುರ ಇತ್ತು. ರಾಜರ ಶಿಕಾರಿ ಅಡವಿ ಹುಲಿಯ ಮನೆ ಆಯಿತು.

ಬೇಲಿಗೆ ಒಂದು ನಿಜವಾದ ಕಾರಣ

ಇಲ್ಲಿಯವರೆಗೆ ಓದಿದವರಿಗೆ ಅನಿಸಬಹುದು, ದನ ಹೊರಗಿಡುವುದು ದೊಡ್ಡವರ ದರ್ಪ ಅಷ್ಟೇ ಅಂತ. ಅಷ್ಟೇ ಅಲ್ಲ. 1968ರಲ್ಲಿ ಬಂಡೀಪುರ ಮತ್ತು ಪಕ್ಕದ ಮುದುಮಲೈ ಅಡವಿಯಲ್ಲಿ ಕಾಟಿಗಳು, ಅಂದರೆ ಕಾಡೆಮ್ಮೆಗಳು, ಸಾಲುಸಾಲಾಗಿ ಸತ್ತವು. ಕಾರಣ ರಿಂಡರ್‌ಪೆಸ್ಟ್, ಹಳ್ಳಿಯವರು ದೊಡ್ಡರೋಗ ಅಂತ ಕರೆಯುತ್ತಿದ್ದ ಬೇನೆ. ಅದು ಊರ ದನದ ರೋಗ. ಹಸು ಮೇಯ್ದ ಜಾಗದಲ್ಲಿ ಕಾಟಿ ಮೇಯುತ್ತದೆ, ಹಸು ಮೂತಿ ಇಟ್ಟ ನೀರಿಗೆ ಕಾಟಿ ಮೂತಿ ಇಡುತ್ತದೆ. ರೋಗ ದಾಟಲು ಇನ್ನೇನು ಬೇಕು?

ನೀರಿನ ತೊಟ್ಟಿ, ಉಪ್ಪಿನ ಮಣ್ಣು ನೆಕ್ಕುವ ಜಾಗ, ಮೇವಿನ ಜಾಗ ಇವು ಎಲ್ಲ ಪ್ರಾಣಿಗಳ ಬಾಯಿ ಸೇರುವ ಜಾಗಗಳು. ಮದುವೆ ಮನೆಯಲ್ಲಿ ಒಂದೇ ಲೋಟದಲ್ಲಿ ನೂರು ಜನ ನೀರು ಕುಡಿದಂತೆ. ಪ್ರಾಣಿಗಳಿಗೆ ಒಳ್ಳೆಯದಾಗಲಿ ಅಂತ ಕಟ್ಟಿದ ತೊಟ್ಟಿಯೇ ರೋಗ ಹಂಚುವ ಜಾಗ ಆಗಬಹುದು.

ದೊಡ್ಡರೋಗದ ವಿರುದ್ಧ ಸರ್ಕಾರ, ಪಶು ವೈದ್ಯರು, ರೈತರು ಸೇರಿ ದಶಕಗಟ್ಟಲೆ ಲಸಿಕೆ ಹಾಕಿದರು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಆ ರೋಗದಿಂದ ಮುಕ್ತ ಅಂತ ಘೋಷಣೆ ಆಯಿತು. ಆ ರೋಗವನ್ನು ಸೋಲಿಸಿದ್ದು ತಂತಿಬೇಲಿ ಅಲ್ಲ, ಸೂಜಿ. ಆದರೆ ಕಾಲುಬಾಯಿ ಬೇನೆ ಇನ್ನೂ ಹೋಗಿಲ್ಲ. 1991ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಯಲ್ಲಿ ಒಂದು ಮಾತು ಸೇರಿದೆ: ಅಭಯಾರಣ್ಯದ ಒಳಗೆ ಮತ್ತು ಅದರಿಂದ 5 ಕಿಲೋಮೀಟರ್ ಒಳಗಿನ ದನಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವ ವ್ಯವಸ್ಥೆ ಆಗಬೇಕು. ಇದು ರೈತನಿಗೆ ಲಾಭದ ಮಾತು.

ಸಗಣಿಯ ಲೆಕ್ಕ

ಬಂಡೀಪುರದ ಅಂಚಿನಲ್ಲಿ ಹಂಗಳ ಅಂತ ಊರಿದೆ. ಅಲ್ಲಿಯ ದನಗಳ ಬಗ್ಗೆ ಎಂ.ಡಿ. ಮಧುಸೂದನ್ ಅನ್ನುವ ವನ್ಯಜೀವಿ ವಿಜ್ಞಾನಿ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಅಡವಿಯಲ್ಲಿ ಮೇಯುವ ದನಗಳಿಂದ ಅಲ್ಲಿಯವರಿಗೆ ಸಿಗುತ್ತಿದ್ದ ದೊಡ್ಡ ಲಾಭ ಹಾಲಲ್ಲ, ಸಗಣಿ. ಆ ಸಗಣಿ ಗೊಬ್ಬರವಾಗಿ ಕಾಫಿ ತೋಟಗಳಿಗೆ ಮಾರಾಟ ಆಗುತ್ತಿತ್ತು. ಜಗತ್ತಿನ ಪೇಟೆಯಲ್ಲಿ ಕಾಫಿ ದರ ಏರಿದರೆ ಸಗಣಿಗೆ ಬೇಡಿಕೆ, ಸಗಣಿಗೆ ಬೇಡಿಕೆ ಬಂದರೆ ಹಂಗಳದಲ್ಲಿ ದನ ಹೆಚ್ಚು, ದನ ಹೆಚ್ಚಾದರೆ ಅಡವಿಯ ಹುಲ್ಲು ಕಡಿಮೆ. ಎಲ್ಲೋ ದೂರದಲ್ಲಿ ಕಾಫಿ ಕುಡಿಯುವವನ ಕಪ್ಪಿಗೂ ಬಂಡೀಪುರದ ಜಿಂಕೆಯ ಹೊಟ್ಟೆಗೂ ನಂಟು.

ಅದೇ ವಿಜ್ಞಾನಿಯ ಇನ್ನೊಂದು ಅಧ್ಯಯನದಲ್ಲಿ, ದನಗಳು ಕಡಿಮೆಯಾದ ಕಡೆ ದೊಡ್ಡ ಕಾಡುಪ್ರಾಣಿಗಳು ಮತ್ತೆ ಚೇತರಿಸಿಕೊಂಡದ್ದು ಕಂಡಿತು. ಅಂದರೆ ಹುಲ್ಲಿಗೆ ಪೈಪೋಟಿ ಇರುವುದು ಸುಳ್ಳಲ್ಲ. ಆದರೆ ಆ ಪೈಪೋಟಿಯ ಹಗ್ಗ ಯಾವಾಗಲೂ ದನ ಕಾಯುವವನ ಕೈಯಲ್ಲಿ ಇರುವುದಿಲ್ಲ, ಪೇಟೆಯ ಕೈಯಲ್ಲೂ ಇರುತ್ತದೆ.

ಬೇಲಿ ಗೆದ್ದು ಸೋತ ಜಾಗಗಳು

ಈಗ ನಮ್ಮಂಥ ಒಣಸೀಮೆಗೆ ಬರೋಣ. ಎರೆಭೂಮಿಯಲ್ಲಿ ಒಂದು ಕಾಲಕ್ಕೆ ದೊಡ್ಡ ಹಕ್ಕಿ ಇತ್ತು, ಎರೆಭೂತ ಅಥವಾ ಎರ್ಲಡ್ಡು ಅನ್ನುತ್ತಾರೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ದನ ತುಳಿದರೆ ಮೊಟ್ಟೆ ಹೋಯಿತು. ನಮ್ಮಿಂದ ನೂರು ಕಿಲೋಮೀಟರ್ ಆಸುಪಾಸಿನ ಸೊಲ್ಲಾಪುರದ ನಾನ್ನಜ್‌ನಲ್ಲಿ ಆ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು. ದನ ಹೊಗದಂತೆ ಕಾದ ತುಂಡುಗಳಲ್ಲಿ ಹುಲ್ಲು ಬೆಳೆಯಿತು, ಹಕ್ಕಿ ಬಂತು, ಚಿಗರಿ ಬಂತು, ತೋಳ ಬಂತು. ಆದರೆ ಕಾಗದದ ಮೇಲೆ ಆ ಅಭಯಾರಣ್ಯ ಸುಮಾರು 8,500 ಚದರ ಕಿಲೋಮೀಟರ್! ಊರು, ಪಟ್ಟಣ, ಜನರ ಹೊಲ ಎಲ್ಲ ಅದರೊಳಗೆ. ಜನರಿಗೆ ಕಿರಿಕಿರಿ ಆಯಿತು, ಆಮೇಲೆ ಬಹಳ ಕಡಿತ ಮಾಡಬೇಕಾಯಿತು.

ಮಧ್ಯಪ್ರದೇಶದ ಕರೇರಾದ ಪಾಠ ಇನ್ನೂ ಕಹಿ. ಅಲ್ಲಿಯೂ ಇದೇ ಹಕ್ಕಿಗಾಗಿ 1981ರಲ್ಲಿ ಅಭಯಾರಣ್ಯ ಆಯಿತು. ರಕ್ಷಣೆ ಸಿಕ್ಕ ಮೇಲೆ ಚಿಗರಿ ಹೆಚ್ಚಾದವು. ಚಿಗರಿಗೆ ಬೇಲಿಯೊಳಗಿನ ಹುಲ್ಲೊಂದೇ ಯಾಕೆ ರುಚಿ? ಪಕ್ಕದ ಹೊಲಕ್ಕೆ ಹೋದವು. ಬೆಳೆ ಕಳೆದುಕೊಂಡ ರೈತರು ಅಭಯಾರಣ್ಯಕ್ಕೇ ತಿರುಗಿಬಿದ್ದರು. ಹಕ್ಕಿ ಅಲ್ಲಿಂದ ಮಾಯವಾಯಿತು. ಆಂಧ್ರದ ರೋಲ್ಲಪಾಡಿನಲ್ಲೂ ಚಿಗರಿ ಹೆಚ್ಚಾಗಿ ರೈತರ ಸಿಟ್ಟು ಹೆಚ್ಚಾಯಿತು.

ನಮ್ಮ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು, 119 ಚದರ ಕಿಲೋಮೀಟರ್. ಚಿಗರಿ ಅಲ್ಲಿ ಉಳಿದವು, ಹೆಚ್ಚಿದವು. ಆದರೆ ಬಯಲು ಹುಲ್ಲುಗಾವಲಿನ ಬಹುಭಾಗಕ್ಕೆ ನೀಲಗಿರಿ ಗಿಡ ನೆಟ್ಟರು. ಎರೆಭೂತ ಈಗ ಅಲ್ಲಿಲ್ಲ. ಮುಧೋಳ, ಬೀಳಗಿ ನಡುವಿನ ಯಡಹಳ್ಳಿ ಚಿಂಕಾರ ವನ್ಯಧಾಮ ಆದದ್ದು 2016ರಲ್ಲಿ. ರಾಜರ ಬೇಟೆ ನಾಯಿ ಓಡಿದ ಸೀಮೆಯಲ್ಲೇ ಈಗ ಚಿಂಕಾರಕ್ಕೆ ರಕ್ಷಣೆ.

ಬೇಲಿ ಉಲ್ಟಾ ಕೊಂದ ಕಥೆಯೂ ಇದೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಕಾಲುಬಾಯಿ ರೋಗ ದನಕ್ಕೆ ದಾಟದಿರಲಿ ಅಂತ 1950ರ ದಶಕದಿಂದ ನೂರಾರು ಕಿಲೋಮೀಟರ್ ತಂತಿಬೇಲಿ ಎಳೆದರು. 1980ರ ದಶಕದ ಬರದಲ್ಲಿ ನೀರು ಹುಡುಕಿ ಹೊರಟ ಸಾವಿರಾರು ಕಾಡುಪ್ರಾಣಿಗಳು ಆ ಬೇಲಿಗೆ ತಡೆದು ನಿಂತು, ನೀರಿಲ್ಲದೆ ಸತ್ತವು. ದನ ಉಳಿಸುವ ಬೇಲಿ ಕಾಡುಪ್ರಾಣಿಯನ್ನು ಕೊಂದಿತು.

ನಮ್ಮ ತೊಟ್ಟಿಗೆ ಯಾವ ಬೇಲಿ?

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಟೆಕ್ಸಾಸ್‌ನ ಎದೆಮಟ್ಟದ ಜಾಳಿಗೆ ನಮ್ಮಲ್ಲಿ ನಡೆಯುತ್ತದೆಯೇ? ಎಮ್ಮೆ, ಎತ್ತು, ಆಕಳು ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ನಮ್ಮಲ್ಲಿ ಆಡು, ಕುರಿ ಹೆಚ್ಚು. ಚಿಗರಿ ಎತ್ತರಕ್ಕೆ ಜಿಗಿಯುವ ಪ್ರಾಣಿ ಹೌದು, ಆದರೆ ತಂತಿ ಬೇಲಿ ಕಂಡರೆ ಹಾರುವುದಕ್ಕಿಂತ ಕೆಳಗೆ ನುಸುಳುವುದೇ ಅದಕ್ಕೆ ರೂಢಿ. ಚಿಗರಿ ನುಸುಳುವ ಸಂದಿಯಲ್ಲಿ ಕುರಿಯೂ ನುಸುಳುತ್ತದೆ. ಸಂದಿ ಮುಚ್ಚಿದರೆ ಚಿಗರಿಯೂ ಹೊರಗೇ. ನರಿ, ಮೊಲಕ್ಕಂತೂ ಕೆಳಗಿನ ಸಂದಿಯೇ ಬಾಗಿಲು. ಅಂದರೆ ಕುರಿಯನ್ನು ತಡೆದು ಚಿಗರಿಯನ್ನು ಬಿಡುವ ತಂತಿ ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ಅದನ್ನು ಮಾಡಬೇಕಾದದ್ದು ಮಾತಿನಿಂದ, ಕುರಿಗಾರರ ಜೊತೆ ಕೂತು.

ಮಾತುಕತೆಗೆ ಇತಿಹಾಸವೇ ನಾಲ್ಕು ಸಂಗತಿ ಕೊಡುತ್ತದೆ.

ಒಂದು, ನೀರು ಎರಡು ಕಡೆ ಇರಲಿ. ಅಡವಿಯೊಳಗೆ ಕಾಡುಪ್ರಾಣಿಗೆ ತೊಟ್ಟಿ ಕಟ್ಟುವ ಮೊದಲು, ಅಡವಿಯ ಹೊರಗೆ ಕುರಿ, ದನದ ದಾರಿಯಲ್ಲಿ ಒಂದು ತೊಟ್ಟಿ ತುಂಬಿಸಬೇಕು. ಹೊರಗೆ ನೀರು ಸಿಕ್ಕರೆ ಒಳಗೆ ಹೋಗುವ ಕೆಲಸ ಯಾರಿಗೆ ಬೇಕು?

ಎರಡು, ಸೂಜಿ ತಪ್ಪಿಸಬೇಡಿ. ಅಡವಿ ಅಂಚಿನ ಊರುಗಳಲ್ಲಿ ಕಾಲುಬಾಯಿ ಲಸಿಕೆ ಪೂರ್ತಿ ಆಗಬೇಕು. ದೊಡ್ಡರೋಗ ಹೋದದ್ದು ಹಾಗೆಯೇ.

ಮೂರು, ಅಮೃತಮಹಲ್ ಕಾವಲಿನ ಪದ್ಧತಿಯಂತೆ ಹುಲ್ಲಿಗೆ ಬಿಡುವು ಕೊಡಬೇಕು. ಕಾಯ್ದೆ ಒಪ್ಪುವ ಕಡೆ ಈ ವರ್ಷ ಒಂದು ತುಂಡು ಮುಚ್ಚಿ ಇನ್ನೊಂದು ತೆರೆಯುವುದು, ಮುಚ್ಚಿದ ತುಂಡಿನ ಹುಲ್ಲನ್ನು ಊರವರು ಕೊಯ್ದು ಒಯ್ಯುವುದು. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸಲು ಅವಕಾಶವೇ ಇಲ್ಲ. ಉಳಿದ ಅಡವಿಯಲ್ಲಿ ಇಲಾಖೆಯ ಅನುಮತಿ, ನಿಯಮ ಇರುತ್ತದೆ, ಕೇಳಿ ತಿಳಿದುಕೊಳ್ಳಬೇಕು.

ನಾಲ್ಕು, ಕರೇರಾ ಮರೆಯಬಾರದು. ಚಿಗರಿಯಿಂದ ಬೆಳೆ ಹಾಳಾದರೆ ಪರಿಹಾರ ಬೇಗ ಕೈಗೆ ಬರಬೇಕು. ಬರದಿದ್ದರೆ ರೈತನ ಮನಸ್ಸಿನಲ್ಲೇ ಒಂದು ಬೇಲಿ ಏಳುತ್ತದೆ, ಅದನ್ನು ಕೀಳುವುದು ಕಷ್ಟ. ಒಂದು ಮಾತು ಎಲ್ಲರಿಗೂ ಗೊತ್ತಿರಲಿ: 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಚಿಗರಿ ಮೊದಲ ಪಟ್ಟಿಯ ಪ್ರಾಣಿ. ಸಿಟ್ಟಿನಲ್ಲಿ ಉರುಲು ಹಾಕಿದವನು ಜೈಲು ನೋಡಬೇಕಾಗುತ್ತದೆ.

ಈಗಲೇ ಯಾಕೆ?

‘ಡೋಣಿ ಬೆಳೆದರ ಓಣೆಲ್ಲ ಜೋಳ’ ಅಂತ ಹೇಳಿದ ಸೀಮೆ ನಮ್ಮದು. ಜೋಳದ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಹೊಲಕ್ಕೆ ಬೇಲಿ ಇರಲಿಲ್ಲ. ಕುರಿಹಿಂಡು ಹೊಲದಲ್ಲಿ ತಂಗುತ್ತಿತ್ತು, ಹೊಲದವನಿಗೆ ಗೊಬ್ಬರ, ಕುರಿಗೆ ಮೇವು. ಚಿಗರಿಯೂ ನಡುವೆ ತಿಂದು ಹೋಗುತ್ತಿತ್ತು. ಈಗ ತಿಕೋಟಾ ಭಾಗದಲ್ಲಿ ದ್ರಾಕ್ಷಿ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು. ನೀರು ಬಂದದ್ದು ಬಹಳ ಒಳ್ಳೆಯದು, ದಶಕಗಳ ಕನಸು ಅದು. ಆದರೆ ಎರಡು ಬೆಳೆ ಬಂದ ಹೊಲಕ್ಕೆ, ಲಕ್ಷ ಸುರಿದ ದ್ರಾಕ್ಷಿ ಪಡಕ್ಕೆ ಬೇಲಿ ಬಂದೇ ಬರುತ್ತದೆ. ಗಾಯರಾಣದ ಮೇಲೂ ಎಲ್ಲರ ಕಣ್ಣು.

ಚಳ್ಳಕೆರೆಯಲ್ಲಿ ಏನಾಯಿತು ನೋಡಿ. ಅಲ್ಲಿ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆಯನ್ನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟರು, ಸುತ್ತ ಗೋಡೆ ಎದ್ದಿತು. ಒಂದೇ ಗೋಡೆ ಕುರಿಯನ್ನೂ ಹೊರಗಿಟ್ಟಿತು, ಚಿಗರಿ ಓಡಾಡುವ ಬಯಲನ್ನೂ ತುಂಡು ಮಾಡಿತು. ಅಲ್ಲಿ ಕುರಿಗಾರ ಮತ್ತು ಚಿಗರಿ ಒಂದೇ ಕಡೆಯವರಾದರು.

ನಾಲ್ಕೂ ಕಡೆ ಬೇಲಿ ಎದ್ದಾಗ ಕುರಿಗೂ ಚಿಗರಿಗೂ ಉಳಿಯುವುದು ಮಮದಾಪುರದಂಥ ಅಡವಿ ತುಂಡು ಮಾತ್ರ. ಅದಕ್ಕೇ ತೊಟ್ಟಿಯ ಹತ್ತಿರ ಜಗಳ ಹೆಚ್ಚಾಗುವುದು. ಜಗಳ ಕುರಿಗಾರ ಮತ್ತು ಗಾರ್ಡ್ ನಡುವೆ ಕಾಣುತ್ತದೆ, ಆದರೆ ಅದರ ಬೇರು ಗಾಯರಾಣ ಕರಗಿದ್ದರಲ್ಲಿದೆ.

ಮುಂದಿನ ಗ್ರಾಮಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ. ನಮ್ಮ ಊರ ಗಾಯರಾಣ ಪಹಣಿಯಲ್ಲಿ ಎಷ್ಟು ಎಕರೆ, ನೆಲದ ಮೇಲೆ ಎಷ್ಟು ಉಳಿದಿದೆ? ಬೇಸಿಗೆಯಲ್ಲಿ ದನ, ಕುರಿಗೆ ನೀರಿನ ತೊಟ್ಟಿ ಎಲ್ಲಿ ಕಟ್ಟುತ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಅಡವಿಯ ತೊಟ್ಟಿಗೆ ಬೇಲಿ ಬೇಕೋ ಬೇಡವೋ ಅನ್ನುವ ಮಾತು ಅರ್ಧ ಮುಗಿದಂತೆ.